ಒಬ್ಬರೇ ವ್ಯಾನ್‌ನಲ್ಲಿ ಕರಾವಳಿ ಸುತ್ತಿ ಸರ್ಫಿಂಗ್: ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ವ್ಯಾನ್‌ನ ಹಿಂಬದಿಯಲ್ಲಿ ಹಾಸಿಗೆ, ಮೇಲೆ ಕಟ್ಟಿದ ಸರ್ಫ್ ಬೋರ್ಡ್, ಎದುರಿಗೆ ಖಾಲಿ ಬೀಚ್. ಇಂಥ ರೀಲ್ಸ್ ನೋಡದವರು ಈಗ ಕಡಿಮೆ. ಅವುಗಳ ಜೊತೆಗೇ ಸಲಹೆಗಳೂ ಓಡಾಡುತ್ತವೆ. ‘ಅಲೆ ಇಲ್ಲದ ಜಾಗ ನೋಡಿ ನೀರಿಗಿಳಿಯಿರಿ’, ‘ಕಿಟಕಿ ಒಂದಿಂಚು ತೆರೆದಿಟ್ಟರೆ ಎಸಿ ಹಾಕಿಕೊಂಡು ಮಲಗಬಹುದು’, ‘ನೀರಿನಲ್ಲಿ ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆ’. ಕೊನೆಯ ಸಂದೇಶವನ್ನು ನಂಬಿ ನಮ್ಮ ರಾಜ್ಯದಲ್ಲೇ ಪೋಷಕರು ಗಂಟೆಗಟ್ಟಲೆ ಕಾದ ಉದಾಹರಣೆಗಳಿವೆ.

ನಾಲ್ಕು ಜನ ಒಟ್ಟಿಗೆ ಹೋದರೆ ಒಬ್ಬರ ತಪ್ಪು ತಿಳಿವಳಿಕೆಯನ್ನು ಇನ್ನೊಬ್ಬರು ತಿದ್ದಬಹುದು. ಒಬ್ಬರೇ ಹೋದಾಗ ಆ ಅವಕಾಶ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಥ ಪ್ರವಾಸದಲ್ಲಿ ಜೀವ ತೆಗೆಯುವ ಅಪಾಯಗಳು ಹೆಚ್ಚಾಗಿ ಸದ್ದು ಮಾಡುವುದಿಲ್ಲ. ಅಬ್ಬರಿಸುವ ಅಲೆಯನ್ನು ಕಂಡರೆ ಎಲ್ಲರೂ ಹೆದರುತ್ತಾರೆ. ಶಾಂತವಾಗಿ ಕಾಣುವ ನೀರು, ವಾಸನೆಯಿಲ್ಲದ ಅನಿಲ, ಮೆಲ್ಲಗೆ ಬರುವ ನಿದ್ದೆ ಯಾರನ್ನೂ ಹೆದರಿಸುವುದಿಲ್ಲ. ಕರ್ನಾಟಕದ ಕರಾವಳಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಂಥ ಪ್ರವಾಸದ ಬಗ್ಗೆ ಕೇಳಿಬರುವ ಆರು ನಂಬಿಕೆಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲು ದಾರಿಯ ಪರಿಚಯ

ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66, ಕರ್ನಾಟಕದಲ್ಲಿ ತಲಪಾಡಿಯಿಂದ ಕಾರವಾರದ ಆಚೆಗಿನ ಗೋವಾ ಗಡಿಯವರೆಗೆ ಸುಮಾರು 280 ಕಿ.ಮೀ. ಓಡುತ್ತದೆ. ಪಣಂಬೂರು, ಸಸಿಹಿತ್ಲು, ಮೂಲ್ಕಿ, ಪಡುಬಿದ್ರಿ, ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ, ಕಾಸರಕೋಡು, ಗೋಕರ್ಣ, ಹೀಗೆ ಒಂದಾದ ಮೇಲೊಂದು ಕಡಲತೀರ ಸಿಗುತ್ತದೆ. ಮರವಂತೆಯಲ್ಲಂತೂ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ.

ಸರ್ಫಿಂಗ್‌ನಲ್ಲಿ ಮೂಲ್ಕಿಗೆ ದೇಶದಲ್ಲೇ ಹೆಸರಿದೆ. ಪಕ್ಕದ ಸಸಿಹಿತ್ಲುವಿನಲ್ಲಿ 2016ರ ಮೇ ತಿಂಗಳಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಸ್ಪರ್ಧೆ ನಡೆಯಿತು. ಶಾಂಭವಿ ಮತ್ತು ನಂದಿನಿ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆ ಅಲ್ಲಿದೆ.

ಸರ್ಫಿಂಗ್ ಕಲಿಯುವವರಿಗೆ ಅನುಕೂಲವಾದ ಕಾಲ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ಆರಂಭದವರೆಗೆ. ಮಳೆಗಾಲದ ಕಡಲು ಬೇರೆಯದೇ ಆಟ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ಉಳಿಸುವುದು ಅದರ ಮುಖ್ಯ ಉದ್ದೇಶವಾದರೂ, ಆ ದಿನಗಳ ಕಡಲು ಹೇಗಿರುತ್ತದೆ ಎನ್ನುವುದು ತೀರದ ಜನರಿಗೆ ಚೆನ್ನಾಗಿ ಗೊತ್ತು. ಸ್ಪರ್ಧೆಗೆ ಇಳಿಯುವ ಸರ್ಫರ್‌ಗಳು ಮುಂಗಾರಿನ ಹೊಸ್ತಿಲಿನ ದೊಡ್ಡ ಅಲೆಗಳನ್ನು ಹುಡುಕಿಕೊಂಡು ಬರುವುದುಂಟು. ಆದರೆ ಅವರು ವರ್ಷಗಟ್ಟಲೆ ಪಳಗಿದವರು, ಅವರ ಸುತ್ತ ರಕ್ಷಣಾ ಸಿಬ್ಬಂದಿ ಇರುತ್ತಾರೆ. ಅವರ ವಿಡಿಯೋ ನೋಡಿ ಒಬ್ಬರೇ ಹೊರಡುವುದು ಸರಿಯಲ್ಲ.

ನಂಬಿಕೆ 1: ಅಲೆ ಏಳದ ಜಾಗದಲ್ಲಿ ನೀರಿಗಿಳಿಯುವುದೇ ಸುರಕ್ಷಿತ

ಇದು ತಪ್ಪು. ಎಷ್ಟೋ ಸಲ ಅತ್ಯಂತ ಅಪಾಯದ ಜಾಗ ಅದೇ ಆಗಿರುತ್ತದೆ.

ಅಲೆಗಳು ಒಂದರ ಹಿಂದೊಂದು ಬಂದು ಒಡೆಯುವಾಗ ದಡದ ಕಡೆಗೆ ನೀರನ್ನು ತಂದು ಸುರಿಯುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕು. ತೀರದ ಬಳಿ ನೀರಿನಡಿಯಲ್ಲಿ ಮರಳಿನ ದಿಣ್ಣೆಗಳಿರುತ್ತವೆ. ಅಲೆ ಒಡೆಯುವುದು ಈ ದಿಣ್ಣೆಗಳ ಮೇಲೆ, ಏಕೆಂದರೆ ಅಲ್ಲಿ ಆಳ ಕಡಿಮೆ. ಎರಡು ದಿಣ್ಣೆಗಳ ನಡುವಿನ ಕಾಲುವೆಯಲ್ಲಿ ಆಳ ಹೆಚ್ಚು, ಹಾಗಾಗಿ ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ದಡಕ್ಕೆ ಬಂದ ನೀರೆಲ್ಲ ಈ ಕಾಲುವೆ ಹಿಡಿದು ಕಡಲಿಗೆ ವಾಪಸು ಹರಿಯುತ್ತದೆ. ಇದಕ್ಕೆ ‘ರಿಪ್ ಕರೆಂಟ್’ ಎನ್ನುತ್ತಾರೆ. ಕನ್ನಡದಲ್ಲಿ ಹಿಂಸೆಳೆತ ಎನ್ನಬಹುದು. ದಡದಲ್ಲಿ ನಿಂತು ನೋಡುವವರಿಗೆ ಎರಡು ಬಿಳಿನೊರೆಯ ಪಟ್ಟಿಗಳ ನಡುವೆ ಕಪ್ಪಗೆ, ಸಮತಟ್ಟಾಗಿ ಕಾಣುವ ಓಣಿ ಅದು. ಮಕ್ಕಳನ್ನು ಆಡಿಸಲು ಹೇಳಿ ಮಾಡಿಸಿದ ಜಾಗದಂತೆ ತೋರುತ್ತದೆ.

ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆಯ ಪ್ರಕಾರ ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದೆರಡು ಅಡಿ. ಆದರೆ ಕೆಲವೊಮ್ಮೆ 8 ಅಡಿಯವರೆಗೂ ಏರಬಹುದು. ಒಲಿಂಪಿಕ್ಸ್ ಈಜುಗಾರರು 50 ಮೀಟರ್ ಈಜಲು ಸುಮಾರು 21 ಸೆಕೆಂಡು ತೆಗೆದುಕೊಳ್ಳುತ್ತಾರೆ. ಅಂದರೆ ಅವರ ವೇಗವೂ ಹೆಚ್ಚುಕಡಿಮೆ ಅಷ್ಟೇ, ಅದೂ ಅಷ್ಟು ಹೊತ್ತಿಗೆ ಮಾತ್ರ.

ಹಾಗಾದರೆ ಗುರುತಿಸುವುದು ಹೇಗೆ? ನೀರಿಗಿಳಿಯುವ ಮೊದಲು ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೋಡಿ. ಅಲೆಗಳ ಸಾಲು ಒಂದು ಕಡೆ ಮಾತ್ರ ತುಂಡಾಗಿದೆಯೇ? ನೊರೆ, ಕಸ, ಕಲಕಿದ ಮರಳು ಕಡಲಿನ ಕಡೆಗೆ ಸಾಗುತ್ತಿದೆಯೇ? ಅಲ್ಲಿ ಇಳಿಯಬೇಡಿ. ಬಂಡೆಗಳ ಪಕ್ಕ ಮತ್ತು ಕಲ್ಲಿನ ತಡೆಗೋಡೆಗಳ ಪಕ್ಕವೂ ಇಂಥ ಸೆಳೆತ ಸಾಮಾನ್ಯ. ಅಳಿವೆಯ ಬಾಯಲ್ಲಿ ಇಳಿತದ ಹೊತ್ತಿಗೆ ನದಿಯ ನೀರೂ ಕಡಲಿಗೆ ನುಗ್ಗುವುದರಿಂದ ಅಲ್ಲಿ ಇನ್ನೂ ಎಚ್ಚರ ಬೇಕು. ಮರಳಿನ ದಿಣ್ಣೆಗಳು ಸರಿಯುತ್ತಲೇ ಇರುತ್ತವೆ. ಹೋದ ತಿಂಗಳು ಚೆನ್ನಾಗಿದ್ದ ಜಾಗ ಈ ತಿಂಗಳೂ ಹಾಗೇ ಇರಬೇಕೆಂದಿಲ್ಲ.

ನಂಬಿಕೆ 2: ಸೆಳೆತ ನೀರಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ, ಈಜು ಬಂದರೆ ಮಾತ್ರ ಪಾರು

ಇದರಲ್ಲಿ ಎರಡು ತಪ್ಪುಗಳಿವೆ. ಹಿಂಸೆಳೆತ ಮನುಷ್ಯರನ್ನು ಕೆಳಕ್ಕೆ ಎಳೆಯುವುದಿಲ್ಲ, ದಡದಿಂದ ದೂರಕ್ಕೆ ಒಯ್ಯುತ್ತದೆ. ಜನ ಮುಳುಗುವುದು ಅದರ ವಿರುದ್ಧ ದಡದತ್ತ ನೇರವಾಗಿ ಈಜಲು ಹೋಗಿ ಸುಸ್ತಾಗಿ, ಗಾಬರಿಯಾಗಿ. ಚೆನ್ನಾಗಿ ಈಜುವವರೂ ಹೀಗೆ ಸತ್ತಿದ್ದಾರೆ.

‘ದಡಕ್ಕೆ ಸಮಾನಾಂತರವಾಗಿ ಈಜಿ’ ಎಂಬ ಸಲಹೆ ಬಹಳ ಹಳೆಯದು. ಅದು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಅಮೆರಿಕ, ಫ್ರಾನ್ಸ್ ಮತ್ತು ಇಂಗ್ಲೆಂಡಿನ ತೀರಗಳಲ್ಲಿ ಸಂಶೋಧಕರು ಜಿಪಿಎಸ್ ಕಟ್ಟಿದ ತೇಲುವ ಸಾಧನಗಳನ್ನು ಸೆಳೆತದೊಳಗೆ ಬಿಟ್ಟು ನೋಡಿದರು. ಹಲವು ಸಾಧನಗಳು ನೇರ ಕಡಲಿಗೆ ಹೋಗದೆ, ವೃತ್ತಾಕಾರವಾಗಿ ಸುತ್ತಿ ಆಳ ಕಡಿಮೆಯಿರುವ ದಿಣ್ಣೆಯ ಕಡೆಗೆ ವಾಪಸು ಬಂದವು. ಕೆಲವು ಹೊರಗೇ ಹೋದವು. ಹಾಗಾಗಿ ಎಲ್ಲ ಸಂದರ್ಭಕ್ಕೂ ಒಂದೇ ಸೂತ್ರ ಇಲ್ಲ. ಮೊದಲ ಕೆಲಸ ಮಾತ್ರ ಎಲ್ಲ ಕಡೆಯೂ ಒಂದೇ: ತೇಲುತ್ತಿರಿ, ಉಸಿರು ಸರಿಮಾಡಿಕೊಳ್ಳಿ, ಕೈ ಮೇಲೆತ್ತಿ ಬೀಸಿ. ಶಕ್ತಿ ಉಳಿದಿದ್ದರೆ ಸೆಳೆತದಿಂದ ಅಡ್ಡಕ್ಕೆ ಸರಿದು, ಅಲೆ ಒಡೆಯುತ್ತಿರುವ ಕಡೆಗೆ ಹೋಗಿ. ಆ ಬಿಳಿನೊರೆ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಎಲ್ಲರೂ ಹೆದರುವ ಅಲೆಯೇ ಇಲ್ಲಿ ಕಾಪಾಡುತ್ತದೆ.

ಸರ್ಫರ್‌ಗಳಿಗೆ ಒಂದು ಅನುಕೂಲವಿದೆ. ಅವರ ಬೋರ್ಡ್ ತೇಲುತ್ತದೆ. ಕಾಲಿಗೂ ಬೋರ್ಡಿಗೂ ಕಟ್ಟುವ ಲೀಶ್ ಎಂಬ ದಾರ ಅದಕ್ಕಾಗಿಯೇ ಇರುವುದು. ಅದನ್ನು ಕಟ್ಟದೆ ಇಳಿಯಬಾರದು, ಗಾಬರಿಯಲ್ಲಿ ಬೋರ್ಡ್ ಬಿಟ್ಟು ಈಜಲು ಹೋಗಬಾರದು. ಅನುಭವಿ ಸರ್ಫರ್‌ಗಳು ಅಲೆಗಳ ಆಚೆ ತಲುಪಲು ಇದೇ ಸೆಳೆತವನ್ನು ಬಳಸಿಕೊಳ್ಳುತ್ತಾರೆ. ಅದನ್ನು ನೋಡಿ ‘ಅಲ್ಲಿಂದಲೇ ಹೋಗಬೇಕಂತೆ’ ಎಂದು ಬೋರ್ಡ್ ಇಲ್ಲದವರು ಹಿಂಬಾಲಿಸುವುದು ಅಪಾಯ.

ನಂಬಿಕೆ 3: ಮಳೆ ಗಾಳಿ ಇಲ್ಲ ಎಂದರೆ ಕಡಲು ಶಾಂತ

ಅಲೆ ಹುಟ್ಟುವ ಜಾಗವೂ ಒಡೆಯುವ ಜಾಗವೂ ಒಂದೇ ಆಗಿರಬೇಕಿಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಬಿರುಗಾಳಿ ಎದ್ದರೆ, ಅಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಸಾವಿರಾರು ಕಿ.ಮೀ. ಸಾಗಿ ಕೆಲವು ದಿನಗಳ ನಂತರ ನಮ್ಮ ತೀರಕ್ಕೆ ಬಂದು ಬಡಿಯುತ್ತವೆ. ಆ ದಿನ ಇಲ್ಲಿ ಆಕಾಶ ತಿಳಿಯಾಗಿಯೇ ಇರಬಹುದು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಹೇಳದೆ ಬರುವ ಕಡಲು ಎಂದರ್ಥ, ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2012ರಲ್ಲಿ ಯುನೆಸ್ಕೋ ಈ ಪದವನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಹೆಚ್ಚು.

ಕಡಲ ಅಂಚಿನ ಮರಳಿನ ಮೇಲೆ ವ್ಯಾನ್ ನಿಲ್ಲಿಸಿ ರಾತ್ರಿ ಮಲಗುವವರಿಗೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಎತ್ತರದ ಅಲೆ ಮತ್ತು ಕಳ್ಳಕ್ಕಡಲ್ ಬಗ್ಗೆ ಮುನ್ನೆಚ್ಚರಿಕೆ ಕೊಡುತ್ತದೆ. ಸುನಾಮಿ ಎಚ್ಚರಿಕೆ ಕೊಡುವುದೂ ಇದೇ ಕೇಂದ್ರ. ‘ನಾಳೆ ಸುನಾಮಿ ಬರುತ್ತದೆ’ ಎಂಬ ಫಾರ್ವರ್ಡ್ ಬಂದರೆ ಅದನ್ನು ಹಂಚುವ ಮೊದಲು ಈ ಕೇಂದ್ರದ ಜಾಲತಾಣ ನೋಡಿ. ಹಿಂದಿನ ದಿನವೇ ಹೇಳಿ ಬರುವ ಸುನಾಮಿ ಇಲ್ಲ. ಸುನಾಮಿಗೆ ಕಾರಣವಾಗುವ ಭೂಕಂಪವನ್ನು ಮುಂಚಿತವಾಗಿ ಹೇಳುವ ವಿಧಾನ ಯಾರ ಬಳಿಯೂ ಇಲ್ಲ.

ನಂಬಿಕೆ 4: ಕಿಟಕಿ ಒಂದಿಂಚು ತೆರೆದಿಟ್ಟರೆ ಎಸಿ ಹಾಕಿ ಮಲಗಬಹುದು

ಕರಾವಳಿಯ ಸೆಕೆಯಲ್ಲಿ ಈ ಆಸೆ ಸಹಜ. ಆದರೆ ಹೀಗೆ ಮಲಗಿದವರು ಮತ್ತೆ ಏಳದಿರುವ ಸಾಧ್ಯತೆ ಇದೆ.

2024ರ ಡಿಸೆಂಬರ್‌ನಲ್ಲಿ, ಇದೇ ಹೆದ್ದಾರಿ 66ರ ಮೇಲಿನ ಕೇರಳದ ವಡಗರದಲ್ಲಿ, ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರಲ್ಲಿ ಇಬ್ಬರು ಶವವಾಗಿ ಸಿಕ್ಕರು. ಕಾರಣ ಕಾರ್ಬನ್ ಮಾನಾಕ್ಸೈಡ್. ಎಸಿಗಾಗಿ ಚಾಲೂ ಇಟ್ಟಿದ್ದ ಜನರೇಟರ್‌ನ ಹೊಗೆ ವಾಹನದ ನೆಲದಲ್ಲಿದ್ದ ಸಂದಿಯಿಂದ ಒಳಗೆ ಬಂದಿತ್ತು ಎಂದು ಪರಿಶೀಲನೆಯಲ್ಲಿ ತಿಳಿಯಿತು.

ಎಸಿ ತಾನಾಗಿ ವಿಷ ಉಗುಳುವುದಿಲ್ಲ. ವಿಷ ಬರುವುದು ಎಸಿ ನಡೆಸುವ ಎಂಜಿನ್ ಅಥವಾ ಜನರೇಟರ್‌ನ ಹೊಗೆಯಿಂದ. ಇಂಧನ ಪೂರ್ತಿ ಉರಿಯದಿದ್ದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬರಬಹುದು. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರಿದ್ದರೂ ಅವರೂ ಅದೇ ಗಾಳಿ ಉಸಿರಾಡುತ್ತಿರುತ್ತಾರೆ. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಆಮ್ಲಜನಕಕ್ಕೂ ಈ ಅನಿಲಕ್ಕೂ ವ್ಯತ್ಯಾಸ ಗೊತ್ತಾಗದೆ ಅದು ಎಲ್ಲ ಸರಿಯಿದೆ ಎಂದೇ ತೋರಿಸಬಹುದು.

ಕಿಟಕಿಯ ಸಂದಿಯಿಂದ ಗಾಳಿ ಹೊರಗೆ ಹೋಗುತ್ತದೆ ಎಂಬ ಭರವಸೆ ಇಲ್ಲ. ಗಾಳಿ ಬೀಸುವ ದಿಕ್ಕು ನೋಡಿಕೊಂಡು ಹೊಗೆ ಅದೇ ಸಂದಿಯಿಂದ ಒಳಗೂ ಬರಬಹುದು. ಎಂಜಿನ್, ಜನರೇಟರ್ ಆರಿಸಿ ಮಲಗಿ. ಗಾಳಿಯಾಡಲು ಕಿಟಕಿಗಳನ್ನು ಅಗಲವಾಗಿ ತೆರೆದು ಸೊಳ್ಳೆ ಬಲೆ ಕಟ್ಟಿಕೊಳ್ಳಿ, ಬ್ಯಾಟರಿಯ ಫ್ಯಾನ್ ಇಟ್ಟುಕೊಳ್ಳಿ. ವ್ಯಾನ್‌ನೊಳಗೆ ಇದ್ದಿಲು ಒಲೆ ಉರಿಸಲೇಬೇಡಿ, ಗ್ಯಾಸ್ ಒಲೆಯಲ್ಲಿ ಅಡುಗೆ ಹೊರಗೇ ಆಗಲಿ. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ವ್ಯಾನ್‌ನಲ್ಲಿ ಮಲಗುವವರಿಗೆ ಅದು ಬೋರ್ಡಿನಷ್ಟೇ ಅಗತ್ಯ.

ನಂಬಿಕೆ 5: ನಿದ್ದೆ ಬಂದರೆ ಕಿಟಕಿ ತೆರೆದು ಜೋರಾಗಿ ಹಾಡು ಹಾಕಿದರೆ ಸಾಕು

ಬೆಳಗಿನ ಅಲೆಗಾಗಿ ನಸುಕಿನಲ್ಲೇ ಎದ್ದು, ಬಿಸಿಲಲ್ಲಿ ಗಂಟೆಗಟ್ಟಲೆ ಕೈ ಬೀಸಿ, ರಾತ್ರಿ ಮುಂದಿನ ಊರಿಗೆ ಗಾಡಿ ಓಡಿಸುವುದು ಇಂಥ ಪ್ರವಾಸಗಳ ಸಾಮಾನ್ಯ ದಿನಚರಿ. 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯಸಾರ ಇದ್ದವರ ಚುರುಕಿಗೆ ಸಮ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ದೇಶದಲ್ಲಿ ಚಾಲಕರಿಗೆ ಇರುವ ಕಾನೂನಿನ ಮಿತಿ ಶೇ 0.03. ಅಂದರೆ ಬೆಳಿಗ್ಗೆ 5ಕ್ಕೆ ಎದ್ದವರು ರಾತ್ರಿ 10ಕ್ಕೆ, ಒಂದು ಹನಿ ಕುಡಿಯದೆಯೂ, ಕುಡಿದು ಓಡಿಸುವವರ ಸ್ಥಿತಿಯಲ್ಲಿರುತ್ತಾರೆ.

ತಣ್ಣನೆಯ ಗಾಳಿ, ಹಾಡು, ಮುಖಕ್ಕೆ ನೀರು ಇವೆಲ್ಲ ಕೆಲವು ನಿಮಿಷದ ಮಾತು. ಕಾಫಿ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಅರ್ಧ ಗಂಟೆ ಬೇಕು. ಗಾಡಿಯನ್ನು ಪೆಟ್ರೋಲ್ ಬಂಕಿನಂಥ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, 15ರಿಂದ 20 ನಿಮಿಷ ಕಣ್ಣು ಮುಚ್ಚುವುದು ಇವೆಲ್ಲಕ್ಕಿಂತ ಉತ್ತಮ. ಅದಕ್ಕಿಂತಲೂ ಉತ್ತಮ, ಆ ರಾತ್ರಿ ಓಡಿಸದಿರುವುದು.

ನಂಬಿಕೆ 6: ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ, ಹೊಟ್ಟೆ ಒತ್ತಿದರೆ ಜೀವ ಬರುತ್ತದೆ

2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನೀರಿನಲ್ಲಿ ಮುಳುಗಿ ಸತ್ತ ಬಾಲಕನೊಬ್ಬನ ದೇಹವನ್ನು ಮನೆಯವರು ಉಪ್ಪಿನ ರಾಶಿಯಲ್ಲಿ ಮುಚ್ಚಿ ಗಂಟೆಗಟ್ಟಲೆ ಕಾದರು. 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಇಬ್ಬರು ಬಾಲಕರ ವಿಷಯದಲ್ಲಿ ಇದೇ ಆಯಿತು. ಎರಡಕ್ಕೂ ಹಿಂದೆ ಇದ್ದದ್ದು ಸಾಮಾಜಿಕ ಜಾಲತಾಣದಲ್ಲಿ ಓಡಾಡಿದ ಸಂದೇಶ. ಮಕ್ಕಳನ್ನು ಕಳೆದುಕೊಂಡವರನ್ನು ನಾವು ದೂರುವುದಿಲ್ಲ. ಅವರ ಫೋನಿಗೆ ಆ ಸುಳ್ಳನ್ನು ತಲುಪಿಸಿದ್ದು ಯೋಚಿಸದೆ ಒತ್ತಿದ ನೂರಾರು ಬೆರಳುಗಳು.

ನೀರಿನಲ್ಲಿ ಮುಳುಗಿದವರು ಸಾಯುವುದು ಆಮ್ಲಜನಕ ಸಿಗದೆ. ಚರ್ಮದ ಮೇಲಿಟ್ಟ ಉಪ್ಪು ಶ್ವಾಸಕೋಶದ ನೀರನ್ನು ಹೀರಲಾರದು. ಹೀರಿದರೂ ನಿಂತ ಉಸಿರು ಮರಳಿ ಬಾರದು. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ತಲೆಕೆಳಗಾಗಿ ಎತ್ತುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಕೂಡ ಆ ನಿಮಿಷಗಳನ್ನು ಕಸಿದುಕೊಳ್ಳುತ್ತದೆ. ಜೊತೆಗೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಮಾಡಬೇಕಾದದ್ದು ಇಷ್ಟು. ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಟ ಇಲ್ಲದಿದ್ದರೆ ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು 2 ಸಲ ಉಸಿರು ಕೊಡಿ. ನಂತರ ಎದೆಯ ನಡುವೆ 30 ಸಲ ಗಟ್ಟಿಯಾಗಿ ಒತ್ತಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ 2 ಉಸಿರು, 30 ಒತ್ತು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಕಡಲಿನಲ್ಲಿ ಸಿಲುಕಿದವರ ರಕ್ಷಣೆಗೆ ಕರಾವಳಿ ಕಾವಲು ಪಡೆಯ 1554 ಇದೆ.

ಮುಳುಗುತ್ತಿರುವವರನ್ನು ಕಂಡ ಕೂಡಲೇ ಹಾರಬೇಡಿ. ಕಾಪಾಡಲು ಹೋದವರೂ ಮುಳುಗುವುದು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಮುಚ್ಚಳ ಬಿಗಿಯಾಗಿರುವ ಖಾಲಿ ಕ್ಯಾನ್, ಟ್ಯೂಬ್, ಹಗ್ಗ, ಬೋರ್ಡ್, ಯಾವುದು ತೇಲುತ್ತದೋ ಅದನ್ನು ಎಸೆಯಿರಿ. ಮೀನುಗಾರರನ್ನು ಕೂಗಿ ಕರೆಯಿರಿ.

ಒಬ್ಬರೇ ಹೊರಡುವುದಾದರೆ

ಒಬ್ಬರೇ ಪ್ರಯಾಣ ಮಾಡುವುದು ತಪ್ಪಲ್ಲ. ಆದರೆ ಒಬ್ಬರೇ ಪ್ರಯಾಣ ಮಾಡುವುದು ಬೇರೆ, ಒಬ್ಬರೇ ನೀರಿಗಿಳಿಯುವುದು ಬೇರೆ. ರಸ್ತೆಯಲ್ಲಿ ಒಬ್ಬರೇ ಇರಿ, ನೀರಿನಲ್ಲಿ ಇರಬೇಡಿ. ಇದನ್ನು ಪಾಲಿಸುವುದು ಕಷ್ಟವೇನಲ್ಲ.

- ಸರ್ಫಿಂಗ್ ಶಾಲೆ ಅಥವಾ ಜೀವರಕ್ಷಕರು ಇರುವ ಬೀಚುಗಳಲ್ಲಿ ಮಾತ್ರ, ಅವರು ಇರುವ ಹೊತ್ತಿನಲ್ಲಿ ಇಳಿಯಿರಿ.
- ಹೊಸ ಬೀಚಿಗೆ ಹೋದಾಗ ಅಲ್ಲಿನ ಮೀನುಗಾರರನ್ನು ಕೇಳಿ. ‘ಇಲ್ಲಿ ಇಳಿಯಬೇಡಿ’ ಎಂದರೆ ವಾದಿಸಬೇಡಿ.
- ನೀರಿಗೆ ಇಳಿಯುವ ಮುನ್ನ ಮನೆಯವರಿಗೆ ಅಥವಾ ಗೆಳೆಯರಿಗೆ ಮೂರು ವಿಷಯ ಕಳಿಸಿ: ಯಾವ ಬೀಚ್, ಎಷ್ಟು ಹೊತ್ತಿಗೆ ಹೊರಬರುತ್ತೀರಿ, ಆ ಹೊತ್ತಿಗೆ ಸುದ್ದಿ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು.
- ಕುಡಿದು ನೀರಿಗಿಳಿಯಬೇಡಿ. ‘ಊಟವಾದ ಮೇಲೆ ಈಜಿದರೆ ಮುಳುಗುತ್ತಾರೆ’ ಎಂಬ ಮಾತಿಗೆ ಆಧಾರವಿಲ್ಲ. ಮದ್ಯಕ್ಕೂ ಮುಳುಗಿ ಸಾಯುವುದಕ್ಕೂ ಇರುವ ಸಂಬಂಧಕ್ಕೆ ಬೇಕಾದಷ್ಟು ಆಧಾರವಿದೆ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಕಡಲನ್ನು ನೋಡದೆ ಬೆಳೆದವರು ನಮ್ಮ ರಾಜ್ಯದಲ್ಲಿ ಕೋಟಿಗಟ್ಟಲೆ ಇದ್ದಾರೆ. ಅವರು ಕಡಲಿಗೆ ಬರುವ ಮೊದಲೇ ಕಡಲಿನ ಬಗ್ಗೆ ಏನಾದರೂ ತಿಳಿಯುವುದಿದ್ದರೆ ಅದು ಬಹುಪಾಲು ಫೋನಿನಿಂದಲೇ. ಹಾಗಾಗಿ ಈ ಬರಹದಿಂದ ಒಂದೇ ಒಂದು ಸಾಲನ್ನು ಹಂಚುವುದಾದರೆ ಇದನ್ನು ಹಂಚಿ: ಬಿಳಿನೊರೆಗಳ ನಡುವೆ ಕಪ್ಪಗೆ, ಶಾಂತವಾಗಿ ಕಾಣುವ ನೀರಿಗೆ ಇಳಿಯಬೇಡಿ. ಸಿಲುಕಿದರೆ ದಡದತ್ತ ಹೋರಾಡಬೇಡಿ, ತೇಲಿ, ಕೈ ಎತ್ತಿ ಬೀಸಿ.